ಲಸಿಕೆ ಹಾಕುವಾಗ ದವಡೆಯನ್ನೂ ಸವರಿ ನೋಡಿಸಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾಲುಬಾಯಿ ಜ್ವರದ ಲಸಿಕೆಗೆಂದು ಇಲಾಖೆಯವರು ಆರು ತಿಂಗಳಿಗೊಮ್ಮೆ ಕೊಟ್ಟಿಗೆ ಬಾಗಿಲಿಗೇ ಬರುತ್ತಾರೆ. ಹಗ್ಗ ಬಿಗಿಹಿಡಿದಿರುವ ಆ ಅರೆನಿಮಿಷದಲ್ಲೇ ಕರು, ಮಣಕಗಳ ಕೆಳದವಡೆಯನ್ನು ಎರಡೂ ಕಡೆ ಅಂಗೈಯಿಂದ ಸವರಿ ಗಂಟಿದೆಯೇ ಎಂದು ನೋಡಬೇಕೆಂದು ಆದೇಶ ಹೊರಡಿಸಿ. ಇದಕ್ಕೆ ಪೈಸೆ ಖರ್ಚಿಲ್ಲ.

ದವಡೆ ಗಂಟು ತರುವ ಆಕ್ಟಿನೊಮೈಸಿಸ್ ಬೋವಿಸ್ ದನದ ಬಾಯಲ್ಲೇ ಇರುವ ಸೂಕ್ಷ್ಮಾಣು. ಒರಟು ಜೋಳದ ದಂಟೋ ಮುಳ್ಳೋ ಚುಚ್ಚಿದ ಗಾಯದಿಂದ, ಇಲ್ಲವೇ ಹಲ್ಲು ಹುಟ್ಟುವಾಗ ವಸಡಿನ ಸಂದಿಯಿಂದ ಮೂಳೆಗೆ ಇಳಿಯುತ್ತದೆ. ಮೊದಲು ದವಡೆಹಲ್ಲಿನ ನೇರಕ್ಕೆ ಅಡಿಕೆ ಗಾತ್ರದ ಉಬ್ಬು. ಕಲ್ಲಿನಷ್ಟು ಗಟ್ಟಿ, ಒತ್ತಿದರೆ ಅಲುಗದು, ನೋವೂ ಇಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. (ಮೆತ್ತಗಿದ್ದು, ಒತ್ತಿದ ಹೆಬ್ಬೆರಳಿನ ಗುಳಿ ಹಾಗೇ ಉಳಿದರೆ ಅದು ಜಂತಿನ ಬಾಧೆಯಿಂದ ಗದ್ದಕ್ಕೆ ಇಳಿದ ನೀರು, ಬೇರೆ ಮಾತು.) ತಿಂಗಳುಗಳು ಕಳೆದ ಮೇಲೆ ಗಂಟು ಒಡೆದು ಜೇನಿನಂಥ ಅಂಟು ಕೀವು, ಅದರಲ್ಲಿ ರವೆಯಂಥ ಹಳದಿ ಕಾಳು. ಅಷ್ಟರಲ್ಲಿ ಹಲ್ಲು ಸಡಿಲಾಗಿ ಮೇವು ಅಗಿಯಲಾಗದೆ ರಾಸು ಬಡಕಲಾಗಿರುತ್ತದೆ. ಕುರುವೆಂದು ಬ್ಲೇಡಿನಿಂದ ಕೊಯ್ಯುವುದು, ಬರೆ ಹಾಕುವುದು ಎರಡೂ ದಂಡ. ರೋಗ ಕೂತಿರುವುದು ಮೂಳೆಯೊಳಗೆ.

ಬೇಕಾದ ಔಷಧಿ ಸೋಡಿಯಂ ಅಯೋಡೈಡ್, ತೂಕದ ಪ್ರತಿ ಕಿಲೋಗೆ 70 ಮಿ.ಗ್ರಾಂ. 200 ಕಿಲೋ ಮಣಕಕ್ಕೆ 14 ಗ್ರಾಂ, ಅಂದರೆ ಶೇ 10ರ ದ್ರಾವಣದಲ್ಲಿ 140 ಮಿ.ಲೀ., ರಕ್ತನಾಳಕ್ಕೆ ನಿಧಾನವಾಗಿ. ಸೂಜಿ ಜಾರಿ ಚರ್ಮದಡಿ ಸೋರಿದರೆ ಅಲ್ಲೇ ಊದಿಕೊಳ್ಳುತ್ತದೆ. ವಾರ ಹತ್ತು ದಿನ ಬಿಟ್ಟು ಮತ್ತೆ ಕೊಡಬೇಕು; ಕಣ್ಣೀರು, ಕೆಮ್ಮು, ಮೈಮೇಲೆ ಹೊಟ್ಟು ಕಂಡರೆ ನಿಲ್ಲಿಸಬೇಕು. ಗಬ್ಬದ ರಾಸಿಗೆ ಎಚ್ಚರ. ಜತೆಗೆ ಪೆನಿಸಿಲಿನ್. ಇಷ್ಟಾದರೂ ಉಬ್ಬಿದ ಮೂಳೆ ಮೊದಲಿನಂತಾಗುವುದು ಅಪರೂಪ, ಬೆಳವಣಿಗೆ ನಿಂತರೆ ಅದೇ ಗೆಲುವು. ಅಡಿಕೆ ಗಾತ್ರದಲ್ಲೇ ಹಿಡಿಯಿರಿ ಎನ್ನುವುದು ಇದಕ್ಕೇ.

ಬಾಯೊಳಗಿನ ಗಾಯದಿಂದಲೇ ಕರುಗಳಿಗೆ ಬರುವ ಇನ್ನೊಂದು ರೋಗ ಗಂಟಲಿನದು; ಅದು ಇಷ್ಟು ಕಾಯುವುದಿಲ್ಲ. ಔಷಧಿ ಕುಡಿಸುವ ಗೊಟ್ಟದ ಒರಟು ಅಂಚು ಗೀರಿದ ಜಾಗಕ್ಕೆ ಫ್ಯುಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಎಂಬ ಸೂಕ್ಷ್ಮಾಣು ಸೇರಿದರೆ ಒಳಗೆ ಕೊಳೆತು ಕರುವಿಗೆ ಜ್ವರ, ಜೊಲ್ಲು, ಬಾಯಿಂದ ಕೆಟ್ಟ ನಾತ, ಉಸಿರೆಳೆದಾಗಲೆಲ್ಲ ಗೊರಗೊರ ಸದ್ದು. ಚಿಕಿತ್ಸೆಯಿಲ್ಲದಿದ್ದರೆ ವಾರದೊಳಗೇ ಸಾಯಬಹುದು. ಇದನ್ನು ಗಳಲೆ (ಗಂಟಲು ಊದುವ ಬೇರೆಯೇ ಸಾಂಕ್ರಾಮಿಕ) ರೋಗವೆಂದುಕೊಂಡು, ಲಸಿಕೆ ಹಾಕಿಸಿಯೂ ಬಂತಲ್ಲ ಎಂದು ಬೈಯುವವರಿದ್ದಾರೆ. ಗಳಲೆಗೆ ಲಸಿಕೆಯಿದೆ, ಇದಕ್ಕಿಲ್ಲ. ಪೆನಿಸಿಲಿನ್ ಕಿಲೋಗೆ 22,000 ಯೂನಿಟ್‌ನಂತೆ ದಿನಕ್ಕೆರಡು ಸಲ ಬೇಗ ಶುರುವಾಗಬೇಕು. ಉಸಿರು ಕಟ್ಟುವಂತಾದರೆ ಕುತ್ತಿಗೆಯಲ್ಲಿ ಶ್ವಾಸನಾಳ ತೆರೆದು ಕೊಳವೆ ಇಡುವುದೊಂದೇ ದಾರಿ.

ಆ ಕೊಳವೆ 1962 ಸಹಾಯವಾಣಿಗೆ ಕರೆ ಮಾಡಿದರೆ ಬರುವ ಪ್ರತಿ ಸಂಚಾರಿ ಪಶುಚಿಕಿತ್ಸಾ ವಾಹನದಲ್ಲೂ, ಸೋಡಿಯಂ ಅಯೋಡೈಡ್ ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ವರ್ಷವಿಡೀ ಇರುವಂತೆ ಮಾಡಿ. ಸವರಿ ನೋಡುವ ಆದೇಶ ಮುಂದಿನ ಲಸಿಕೆ ಸುತ್ತಿಗೆ ಮುಂಚೆಯೇ ಹೊರಡಲಿ.

ಇಂತಿ,
ಹೈನು ರಾಸುಗಳ ಚಿಕಿತ್ಸೆಯಲ್ಲಿರುವ ಪಶುವೈದ್ಯರು