‘ಮಲತಾಯಿ ಧೋರಣೆ’ ಎಂಬ ಮಾತು ಬಿಡಿ

ಮಾನ್ಯರೇ,

ತಾರತಮ್ಯ ಎಂದು ಹೇಳಬೇಕಾದ ಕಡೆಯಲ್ಲೆಲ್ಲ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆಯುತ್ತವೆ. ಆ ಶೀರ್ಷಿಕೆಯನ್ನು 13 ವರ್ಷದ ಹುಡುಗಿಯೂ ಓದುತ್ತಾಳೆ, ಅವಳ ಮನೆಗೆ ಹೊಸದಾಗಿ ಬಂದ ಹೆಂಗಸೂ ಓದುತ್ತಾಳೆ. ‘ತಾರತಮ್ಯ’ ಎಂದರೆ ಸಾಕಲ್ಲವೇ? ದಯವಿಟ್ಟು ಆ ಪ್ರಯೋಗ ಕೈಬಿಡಿ. ಮಲತಾಯಿಯೋ ಮಲತಂದೆಯೋ ಆಗಿ ಬಂದವರು ಬೆಳೆದ ಮಕ್ಕಳೊಂದಿಗೆ ಸಂಬಂಧ ಬೆಸೆಯುವುದು ಮೊದಲೇ ಕಷ್ಟದ ಕೆಲಸ.

ಅದರಲ್ಲೂ 10ರಿಂದ 15 ವರ್ಷದ ಮಕ್ಕಳೊಂದಿಗೆ. ಹೆತ್ತವರಿಂದಲೇ ಒಂದಿಷ್ಟು ದೂರ ಸರಿಯುವ ವಯಸ್ಸು ಅದು. ಆಗ ಹೊಸಬರಿಗೆ ಹತ್ತಿರವಾಗು ಎಂದರೆ ಹೇಗೆ? ಇಂಥ ಕುಟುಂಬಗಳನ್ನು ದಶಕಗಳಿಂದ ಅಧ್ಯಯನ ಮಾಡಿರುವ ಅಮೆರಿಕದ ಮನಃಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್ನೋ ಪ್ರಕಾರ, ಬೇಗ ಹೊಂದಿಕೊಂಡ ಮನೆಗಳಿಗೂ ಸುಮಾರು 4 ವರ್ಷ ಹಿಡಿಯುತ್ತದೆ. ಆರು ತಿಂಗಳಿಗೇ ‘ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ’ ಎಂದು ಎದೆಗುಂದುವವರು ಇದನ್ನು ನೆನಪಿಡಬೇಕು.

ಹೆಚ್ಚಿನವರು ಎಡವುವುದು ಶಿಸ್ತಿನ ವಿಷಯದಲ್ಲಿ. ಸಲುಗೆಯೇ ಬೆಳೆಯದೆ ಗದರಿಸಿದರೆ ‘ನೀವ್ಯಾರು ಹೇಳೋಕೆ?’ ಎಂಬ ಮಾತು ಬಂದೇ ಬರುತ್ತದೆ. ಮನೆಯ ನಿಯಮಗಳನ್ನು ದಂಪತಿ ಕೂತು ಚರ್ಚಿಸಲಿ, ಆದರೆ ಮಕ್ಕಳಿಗೆ ತಿಳಿಸುವುದು, ತಪ್ಪಿದಾಗ ಕೇಳುವುದು ಹೆತ್ತವರ ಕೆಲಸ. ಅವರಿಲ್ಲದ ಹೊತ್ತಿನಲ್ಲಿ ‘ಹತ್ತಕ್ಕೆ ಫೋನ್ ಎತ್ತಿಡಬೇಕು ಅಂತ ನಿಮ್ಮಪ್ಪ ಹೇಳಿದ್ದಾರಲ್ಲ’ ಎಂದು ನೆನಪಿಸಿದರೆ ಸಾಕು. ಕೇಳದಿದ್ದರೆ ಜಗ್ಗಾಡಬೇಡಿ, ಅಪ್ಪ ಬಂದ ಮೇಲೆ ಅವರೇ ಮಾತಾಡಲಿ.

ಸಲುಗೆ ಬೆಳೆಯುವುದು ಇಬ್ಬರೇ ಇದ್ದಾಗ. ಹೆತ್ತವರು ಪಕ್ಕದಲ್ಲಿದ್ದರೆ ಮಗು ಅವರತ್ತಲೇ ತಿರುಗುತ್ತದೆ, ಮೂರನೆಯವರು ಹೊರಗುಳಿಯುತ್ತಾರೆ. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ, ಕೈಗೆ ಕೆಲಸವಿರುವಂಥದ್ದು: ಸೈಕಲ್ ಚೈನಿಗೆ ಎಣ್ಣೆ ಬಿಡುವುದು, ತರಗತಿಗೆ ಬಿಟ್ಟು ಬರುವುದು. ಎದುರೆದುರು ಕೂರಿಸಿ ‘ಏನು ಸಮಾಚಾರ?’ ಎಂದರೆ ಬಾಯಿ ಬಿಡದ ಹುಡುಗ, ಚೈನಿನ ಮೇಲೆ ಕಣ್ಣಿಟ್ಟುಕೊಂಡು ತಾನಾಗಿಯೇ ಮಾತಿಗಿಳಿಯುತ್ತಾನೆ. ಮೆಚ್ಚಿಸಲು ದುಬಾರಿ ಉಡುಗೊರೆ ಬೇಡ; ಮಕ್ಕಳಿಗೆ ಅದು ಲಂಚದಂತೆ ಕಾಣುತ್ತದೆ.

ಇಷ್ಟಾದರೂ ಭಾನುವಾರ ಜೊತೆಗೂಡಿ ನಕ್ಕ ಮಗಳು ಸೋಮವಾರ ಬೆಳಿಗ್ಗೆ ಮುಖ ತಿರುಗಿಸಿ ಹೋಗಬಹುದು. ಹೊಸಬರಿಗೆ ಅತಿ ಹೆಚ್ಚು ನೋವು ಕೊಡುವುದು, ಅವರು ಅತಿ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ಅದು ಸೊಕ್ಕಲ್ಲ. ಇವರೊಂದಿಗೆ ನಕ್ಕೆನಲ್ಲ, ಅಮ್ಮನಿಗೆ ದ್ರೋಹ ಮಾಡಿದೆನೇ ಎಂಬ ಅಳುಕು. ದೂರವಾದ ಅಥವಾ ತೀರಿಕೊಂಡ ಅಮ್ಮನ ಫೋಟೊ ಇದ್ದಲ್ಲೇ ಇರಲಿ, ಅವರ ಹೆಸರು ಮನೆಯಲ್ಲಿ ಸಹಜವಾಗಿ ಬರಲಿ. ‘ನಿಮ್ಮಮ್ಮನ ಜಾಗ ನಿಮ್ಮಮ್ಮನದೇ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಆ ಅಳುಕು ಎಷ್ಟೋ ಇಳಿಯುತ್ತದೆ. ‘ಅಮ್ಮ’, ‘ಅಪ್ಪ’ ಎಂದು ಕರೆಯಲೇಬೇಕೆಂಬ ಒತ್ತಾಯವಂತೂ ಬೇಡವೇ ಬೇಡ. ಹದಿಹರೆಯದ ಮಕ್ಕಳು, ಹೆಚ್ಚಾಗಿ ಹೆಣ್ಣುಮಕ್ಕಳು, ಅಪ್ಪುಗೆಗೆ ಮುದುಡಿಕೊಳ್ಳುವುದುಂಟು. ‘ಚಿತ್ರ ಚೆನ್ನಾಗಿ ಬಂದಿದೆ’ ಎಂಬ ಒಂದು ಮಾತು ಅವರಿಗೆ ಹಿತ.

16–17 ದಾಟಿದವರಿಗೆ ಇನ್ನೊಬ್ಬ ಪೋಷಕರು ಬೇಕಿರುವುದಿಲ್ಲ. ನಂಬಬಹುದಾದ ಹಿರಿಯರೊಬ್ಬರು ಸಾಕು. ಕಾಲೇಜಿನ ಅರ್ಜಿ ತುಂಬಲು ನೆರವು ಕೇಳಿದರೆ ಅರ್ಜಿಯನ್ನಷ್ಟೇ ತುಂಬಿಸಿಕೊಡಿ, ಬುದ್ಧಿಮಾತು ಅವರೇ ಕೇಳುವವರೆಗೂ ನಿಮ್ಮಲ್ಲೇ ಇರಲಿ.

– ಕುಟುಂಬ ಆಪ್ತಸಮಾಲೋಚಕರು