ಬೋಟು ದಡ ಸೇರಿದ ಮೇಲೆ, ಗಸ್ತಿನವರಿಗೆ ನಾಲ್ಕು ಮಾತು

ಮೇ 31ಕ್ಕೆ ಈ ಸಲದ ಮೀನುಗಾರಿಕೆ ಮುಗಿಯಿತು. ಮಳೆಗಾಲದ ನಿಷೇಧದಿಂದಾಗಿ ಜುಲೈ 31ರವರೆಗೆ 61 ದಿನ ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರದ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಬಂದರಿನಲ್ಲೇ. ನೌಕಾಪಡೆಯ ಗಸ್ತು ನೌಕೆಗೆ ಮಾತ್ರ ಈ ರಜೆ ಇಲ್ಲ. ಋತುವಿಡೀ ಹೊರಗಡೆ ಕಾವಲಿದ್ದವರಿಗೆ ಕರಾವಳಿಯ ಬೋಟಿನವರೆಲ್ಲರ ಧನ್ಯವಾದ.

ಆ ಕೆಲಸದ ಕಷ್ಟ ಗೊತ್ತಾಗಬೇಕಾದರೆ 2017ರ ಮಾರ್ಚ್ 9ರಂದು ಕಾರವಾರದಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ತಿಲ್ಲಾಂಚಾಂಗ್ ನೌಕೆಯನ್ನೇ ನೋಡಿ. ಕಟ್ಟಿದ್ದು ಕೋಲ್ಕತ್ತಾದ ಗಾರ್ಡನ್ ರೀಚ್ ಕಾರ್ಖಾನೆ. ಉದ್ದ ಸುಮಾರು 49 ಮೀಟರ್, ತೂಕ 320 ಟನ್ ಆಸುಪಾಸು, ಮುಂದೆ 30 ಮಿ.ಮೀ. ಫಿರಂಗಿ. ನಮ್ಮ ಬೋಟಿನ ಹಾಗೆ ಅಡಿಯಲ್ಲಿ ನೀರು ತಳ್ಳುವ ಫ್ಯಾನೂ (ಪ್ರೊಪೆಲ್ಲರ್) ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ಮೂರು ಎಂಜಿನ್, ಮೂರು ವಾಟರ್ ಜೆಟ್. ತಳದ ಬಾಯಿಯಿಂದ ನೀರು ಎಳೆದು ಹಿಂದಕ್ಕೆ ರಭಸದಿಂದ ಚಿಮ್ಮಿಸುತ್ತದೆ. ತಿರುಗಬೇಕಾದರೆ ಚಿಮ್ಮುವ ಮೂತಿಯನ್ನೇ ತಿರುಗಿಸುವುದು. ನಿಲ್ಲಬೇಕಾದರೆ ಮೂತಿಗೆ 'ಬಕೆಟ್' ಎನ್ನುವ ಮುಚ್ಚಳ ಅಡ್ಡ ಇಳಿಸಿ ಧಾರೆಯನ್ನು ಮುಂದಕ್ಕೆ ಮಗುಚುವುದು. ಆಳ ಕಡಿಮೆ ಇರುವಲ್ಲೂ ಓಡುತ್ತದೆ, ಗಂಟೆಗೆ 30 ನಾಟಿಕಲ್ ಮೈಲು (ಸುಮಾರು 55 ಕಿ.ಮೀ.) ದಾಟುತ್ತದೆ. ಸ್ಮಗ್ಲಿಂಗ್ ದೋಣಿಯ ಬೆನ್ನು ಹತ್ತಲು ಇದೇ ಬೇಕು.

ಆದರೆ ಜೆಟ್ಟಿನ ಜೀವ ಇರುವುದು ಆ ಬಾಯಿಯ ಜಾಲರಿಯಲ್ಲಿ. ಬಲೆಯ ತುಂಡೋ ಪ್ಲಾಸ್ಟಿಕ್ಕೋ ಅಂಟಿದರೆ ನೀರು ಸಾಲದೆ ಎಂಜಿನ್ ಸುತ್ತು ಏರುತ್ತದೆ, ವೇಗ ಏರುವುದಿಲ್ಲ, ಹಿಂಭಾಗ ಅದುರುತ್ತದೆ. ಆಗ ಆ ಜೆಟ್ಟನ್ನು ನಿಲ್ಲಿಸಬೇಕು. ಎಳೆತ ನಿಂತರೆ ಎಷ್ಟೋ ಸಲ ಕಸ ತಾನಾಗಿ ಕಳಚುತ್ತದೆ; ಇಲ್ಲದಿದ್ದರೆ ಕೈಯಿಂದಲೇ ಬಿಡಿಸಬೇಕು, ಅದೂ ಆಗದಿದ್ದರೆ ಮುಳುಗುಗಾರನೇ ಗತಿ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಶರಾವತಿ ಕೆಂಪು ನೀರಿನ ಜೊತೆ ಮರದ ದಿಮ್ಮಿಯನ್ನೂ ತಂದು ಸುರಿಯುತ್ತವೆ. ಅಲೆ ಎತ್ತಿ ಹಾಕಿದಾಗ ಜೆಟ್ಟು ನೀರಿನ ಬದಲು ಗಾಳಿ ನುಂಗಿ ಎಂಜಿನ್ ಕಿರುಚುತ್ತದೆ. ಬಂದರಿನಲ್ಲಿ ಸುಮ್ಮನೆ ನಿಂತರೂ ತೊಂದರೆಯೇ: ಒಳಗೋಡೆಗೆ ಚಿಪ್ಪು ಕಟ್ಟಿ ಬಲ ಕುಗ್ಗುತ್ತದೆ. ಹಾಗಾಗಿ ಮೊದಲ ಥ್ಯಾಂಕ್ಸ್ ಮೇಲೆ ಬಿಳಿ ಯೂನಿಫಾರ್ಮಿನಲ್ಲಿ ಕಾಣುವವರಿಗಲ್ಲ, ಎಂಜಿನ್ ರೂಮಿನಲ್ಲಿ ಬೆವರುವವರಿಗೆ.

ದಡದಿಂದ 12 ನಾಟಿಕಲ್ ಮೈಲಿನವರೆಗೆ ದೇಶದ ಕಡಲ ಗಡಿ, 200ರವರೆಗೆ ಮೀನು, ಖನಿಜದ ಹಕ್ಕು ನಮಗಿರುವ ಆರ್ಥಿಕ ವಲಯ. 2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ಉಗ್ರರು ಬಳಸಿದ್ದು 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನೇ. ಮರುವರ್ಷ ಕರಾವಳಿ ಕಾವಲಿನ ಒಟ್ಟು ಹೊಣೆ ನೌಕಾಪಡೆಗೆ ಬಂತು; ಜೊತೆಗೆ ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸ್. ಅವರಿಗೂ ನಮಸ್ಕಾರ. ನೌಕಾನೆಲೆಗೆಂದು ಮನೆ, ಗದ್ದೆ ಬಿಟ್ಟೆದ್ದ ಕಾರವಾರ, ಅಂಕೋಲಾ ಕಡೆಯ ಕುಟುಂಬಗಳನ್ನು ಮರೆತು ಈ ಪಟ್ಟಿ ಮುಗಿಸುವುದು ತಪ್ಪಾಗುತ್ತದೆ. ನೌಕೆ ತಂದು ನಿಲ್ಲಿಸುವ ದಕ್ಕೆ ಇರುವುದು ಅವರ ನೆಲದಲ್ಲಿ.

ಬೋಟು ನಡೆಸುವ ತಂಡೇಲರಿಗೆ ಒಂದು ಮಾತು. ಹರಿದ ಬಲೆಯನ್ನು ಕಡಲಿಗೆ ಎಸೆಯಬೇಡಿ, ದಡಕ್ಕೆ ತನ್ನಿ. ಬಣ್ಣ ಬಳಿಯುವಾಗ ನೋಂದಣಿ ಸಂಖ್ಯೆಯನ್ನು ದೊಡ್ಡದಾಗಿ, ಎರಡೂ ಬದಿಗೆ ಬರೆಸಿ. ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದೇ ಇರಲಿ. ಗಸ್ತಿನವರು ಕರೆದಾಗ ಬೋಟಿನ ಹೆಸರು, ನಂಬರು, ಒಳಗೆ ಎಷ್ಟು ಜನ ಎಂದು ಹೇಳಿದರೆ ಅವರು ಹತ್ತಿ ನೋಡುವ ಕೆಲಸವೇ ಎಷ್ಟೋ ಸಲ ಉಳಿಯುತ್ತದೆ. ಆಗಸ್ಟ್ 1ಕ್ಕೆ ಮುಂಚೆ ರೇಡಿಯೊ ಸೆಟ್ಟಿನ ಬ್ಯಾಟರಿ ನೋಡಿಕೊಳ್ಳಿ.