ಮನೆ ಆಯ್ತು, ಎಲ್ಲರಿಗೂ ಥ್ಯಾಂಕ್ಸ್

ಹೋದ ಭಾನುವಾರ ದಾವಣಗೆರೆಯ ನನ್ನ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದೆವು. ಒಂದು ಕೋಣೆ, ಸಣ್ಣ ಅಡುಗೆಮನೆ, ಹೊರಗೆ ಬಚ್ಚಲು. ಕರಾರು ಪತ್ರ ನನ್ನ ಹೆಸರಿನಲ್ಲೇ ಇದೆ. ಬಂದವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಕೊಡುವ ಗಡಿಬಿಡಿಯಲ್ಲಿ ಹೇಳಬೇಕಾದ ಮಾತು ಹಾಗೇ ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಬಾಲಮಂದಿರದಲ್ಲಿ, ಅಂದ್ರೆ ನೋಡಿಕೊಳ್ಳೋರಿಲ್ಲದ ಮಕ್ಕಳಿಗಾಗಿ ಇರುವ ಸರ್ಕಾರಿ ಮನೆಯಲ್ಲಿ. 2022ರಲ್ಲಿ 18 ತುಂಬಿತು. ಅಲ್ಲಿಗೆ ಬಾಲಮಂದಿರದ ಋಣ ಮುಗಿಯಿತು. ಟ್ರಂಕಿನಲ್ಲಿ ನಾಲ್ಕು ಜೊತೆ ಬಟ್ಟೆ, ಪಿಯುಸಿ ಮಾರ್ಕ್ಸ್ ಕಾರ್ಡು, ಆಧಾರ್ ಇದ್ದವು. ಎಟಿಎಂ ಕಾರ್ಡನ್ನು ಯಾವ ಕಡೆಯಿಂದ ತೂರಿಸಬೇಕು ಅನ್ನೋದೂ ಗೊತ್ತಿರಲಿಲ್ಲ.

ಹದಿನೆಂಟರ ಆಚೆಗೂ ನೆರವು ಸಿಗುತ್ತದೆ ಅಂತ ಹೇಳಿದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೇಡಂ. ಇದಕ್ಕೆ ಅನುಪಾಲನೆ ಅಂತಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಅದರ ನಿಯಮಗಳಲ್ಲಿ ಇದೆ. 21ರವರೆಗೆ ಕೊಡಬಹುದು, ವಿಶೇಷ ಸಂದರ್ಭವಿದ್ದರೆ 23ರವರೆಗೂ ಮುಂದುವರಿಸಬಹುದು. 'ಕೊಡಬಹುದು' ಅಂತ ಮಾತ್ರ ಬರೆದಿದೆ ನೋಡಿ, 'ಕೊಡಲೇಬೇಕು' ಅಂತ ಇಲ್ಲ. ಹಾಗಾಗಿ ನಮ್ಮ ಪರವಾಗಿ ಬೆನ್ನು ಬಿದ್ದು ಕೇಳೋರು ಯಾರಾದ್ರೂ ಬೇಕು. ನನಗೆ ನೀವಿದ್ರಿ ಮೇಡಂ. ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯ ತಿಂಗಳ 4,000 ರೂಪಾಯಿಯಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದುವಾಗಿನ ಹಾಸ್ಟೆಲ್ಲಿನ ಮೆಸ್ ಬಿಲ್ಲು ಕಟ್ಟಿದೆ. 21 ತುಂಬಿದಾಗ ಕೊನೇ ಪರೀಕ್ಷೆ ಇನ್ನೂ ಬಾಕಿ ಇತ್ತು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ನನ್ನ ಫೈಲ್ ಹಿಡಿದು ನಿಂತು, "ಇನ್ನಾರು ತಿಂಗಳು ಸರ್, ಆಮೇಲೆ ಈ ಹುಡುಗಿ ಸಂಬಳ ಎಣಿಸ್ತಾಳೆ" ಅಂದ್ರಿ. ಎಣಿಸಿದೆ ಮೇಡಂ. ಎರಡೆರಡು ಸಲ ಎಣಿಸಿದೆ.

ದುಡ್ಡಿನ ಮಾತು ಅಷ್ಟು. ಹಬ್ಬದ್ದೇ ಬೇರೆ ಕಷ್ಟ. ದೀಪಾವಳಿಗೆ ಹಾಸ್ಟೆಲ್ ಬಾಗಿಲು ಹಾಕ್ತಾರೆ. ಎಲ್ಲರೂ ಬ್ಯಾಗ್ ತುಂಬಿಕೊಂಡು ಊರಿಗೆ ಹೊರಡ್ತಾರೆ. ಮೊದಲ ವರ್ಷ ನಾನೂ ಸುಮ್ನೆ ಬ್ಯಾಗ್ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದೆ. ಸಂಜೆಯ ಹೊತ್ತಿಗೆ ಬಾಲಮಂದಿರದ ಅಡುಗೆಯಕ್ಕನಿಗೆ ಫೋನ್ ಮಾಡಿದೆ. "ಎಲ್ಲಿದೀಯೇ, ಅಲ್ಲೇ ಇರು" ಅಂದವಳು ಗಂಡನ ಬೈಕಿನಲ್ಲಿ ಬಂದು ಕರೆದುಕೊಂಡು ಹೋದಳು. ಆಮೇಲಿನ ಹಬ್ಬಗಳಿಗೆ ಫೋನ್ ಮಾಡುವ ಕೆಲಸವೇ ಬೀಳಲಿಲ್ಲ. ಅಕ್ಕಾ, ನಿನ್ನ ಹೋಳಿಗೆಗಿಂತ ಆ ಬೈಕಿನ ಸದ್ದು ನನಗೆ ಜಾಸ್ತಿ ನೆನಪು.

ಕೆಲಸಕ್ಕೆ ಸೇರಿದ ವಾರ ಆಸ್ಪತ್ರೆಯಲ್ಲಿ ಒಂದು ಫಾರ್ಮ್ ಕೊಟ್ಟರು. 'ತುರ್ತಿದ್ದಾಗ ಯಾರಿಗೆ ತಿಳಿಸಬೇಕು' ಅನ್ನೋ ಕಾಲಂ ಖಾಲಿ ಬಿಟ್ಟೆ. ವಾರ್ಡಿನ ಸೀನಿಯರ್ ಸಿಸ್ಟರ್ ನೋಡಿದರು. ಏನೂ ಕೇಳಲಿಲ್ಲ. ಪೆನ್ನು ಇಸ್ಕೊಂಡು ತಮ್ಮ ನಂಬರ್ ಬರೆದರು. ಪಕ್ಕದಲ್ಲಿ 'ಸಂಬಂಧ' ಅಂತ ಇತ್ತು. 'ದೊಡ್ಡಮ್ಮ' ಅಂತ ತುಂಬಿದರು. ನಮ್ಮಿಬ್ಬರ ಪರಿಚಯಕ್ಕೆ ಆಗ ಎಂಟು ದಿನ ಆಗಿತ್ತು ಅಷ್ಟೇ.

ಮನೆ ಹುಡುಕುವಾಗ ನಾಲ್ಕು ಕಡೆ ಒಂದೇ ಮಾತು: "ಅಪ್ಪ ಅಮ್ಮನ್ನ ಕರ್ಕೊಂಡು ಬಾರಮ್ಮ, ಮಾತಾಡೋಣ." ಐದನೇ ಮನೆಯ ಅಜ್ಜಿ ಕೇಳಿದ್ದು ಒಂದೇ, "ನೀರು ಸುಮ್ನೆ ಚೆಲ್ಲಲ್ಲ ತಾನೇ?" ಇಲ್ಲ ಅಜ್ಜಿ, ಚೆಲ್ಲಲ್ಲ.

ಮೊದಲ ರಾತ್ರಿ ಅನ್ನಕ್ಕಿಟ್ಟೆ. ನಾನು ಕಂಡಿದ್ದೆಲ್ಲ ದೊಡ್ಡ ಹಂಡೆಯ ಅಡುಗೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಅಂದಾಜೇ ಸಿಗಲಿಲ್ಲ. ಎರಡು ದಿನ ಚಿತ್ರಾನ್ನ ತಿಂದೆ.

ಬಾಲಮಂದಿರದ ನನ್ನ ತಂಗಿಯರಿಗೆ ಒಂದು ಮಾತು. ನಿಮ್ಮಲ್ಲಿ ಇಬ್ಬರಿಗೆ ಈ ವರ್ಷ 18 ತುಂಬುತ್ತೆ ಅಂತ ಗೊತ್ತಾಯ್ತು. ಹಬ್ಬಕ್ಕೆ ಹಾಸ್ಟೆಲ್ ಬಾಗಿಲು ಹಾಕಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೂರಬೇಡಿ. ನನ್ನ ನಂಬರ್ ಅಡುಗೆಯಕ್ಕನ ಹತ್ರ ಇದೆ. ಚಾಪೆ ಮೂರು ಇವೆ. ಅನ್ನ ಇವತ್ತಿಗೂ ಜಾಸ್ತಿಯೇ ಆಗ್ತಿದೆ.